ಏಳನೆಯ ಕಲ್ಲು

ನಮ್ಮ ಗೈಡ್ ತೊಡುತ್ತಿದ್ದ ಕಂದು ಕೋಟಿನ ಒಂದು ಜೇಬು ಯಾವಾಗಲೂ ಇನ್ನೊಂದಕ್ಕಿಂತ ಎರಡು ಬೆರಳು ಕೆಳಗೆ ಜೋತುಬಿದ್ದಿರುತ್ತಿತ್ತು. ಅದರಲ್ಲಿ ಕಲ್ಲುಗಳಿರುತ್ತಿದ್ದವು. ನೆಲ್ಲಿಕಾಯಿ ಗಾತ್ರದ, ಹೊಳೆಯಲ್ಲಿ ಸವೆದ ಕಲ್ಲುಗಳು. ಜೊತೆಗೆ ಎಷ್ಟು ಜನ ನಡೆಯುತ್ತಾರೋ ಅಷ್ಟು. ನಿಂತಲ್ಲೆಲ್ಲ ಒಬ್ಬೊಬ್ಬರ ಮುಖವನ್ನೂ ನೋಡಿ, ಒಂದೊಂದು ಕಲ್ಲನ್ನು ಈ ಜೇಬಿನಿಂದ ಆ ಜೇಬಿಗೆ ಹಾಕಿಕೊಳ್ಳುತ್ತಿದ್ದರು. ಎಲ್ಲ ಕಲ್ಲೂ ದಾಟಿದ ಮೇಲೆಯೇ ಮುಂದಿನ ಹೆಜ್ಜೆ.

ಅವರು ಮೊರಾಕೊದವರು, ಅಟ್ಲಾಸ್ ಪರ್ವತದ ಒಂದು ಹಳ್ಳಿಯಲ್ಲಿ ಹುಟ್ಟಿದವರು. ಅಲ್ಲಿ ಬಹಳ ವರ್ಷ ಪ್ರವಾಸಿಗರನ್ನು ನಡೆಸಿ, ಆಮೇಲೆ ಹೆಂಡತಿಯ ಜೊತೆ ಇಲ್ಲಿ ಅಮೆರಿಕಕ್ಕೆ, ನಮ್ಮ ಊರಿನ ಹತ್ತಿರದ ಟಕ್ವಿಲಾದ ಮಗಳ ಮನೆಗೆ ಬಂದು ನೆಲೆಸಿದ್ದರು. ವಾರವೆಲ್ಲ ಗೋದಾಮಿನಲ್ಲಿ ಪೆಟ್ಟಿಗೆ ಎತ್ತುವ ಕೆಲಸ. ವರ್ಷಕ್ಕೆರಡು ಸಲ ರಜೆ ಹಾಕಿ, ಇಲ್ಲಿಂದ ಏಳೆಂಟು ಜನರನ್ನು ತಮ್ಮ ಬೆಟ್ಟಗಳಿಗೆ ಕರೆದೊಯ್ಯುತ್ತಿದ್ದರು. "ಪೆಟ್ಟಿಗೆ ಎತ್ತೋದು ಹೊಟ್ಟೆಗೆ. ಇದು ನನಗೆ," ಅನ್ನುತ್ತಿದ್ದರು. ಅವರ ಹರುಕುಮುರುಕು ಇಂಗ್ಲಿಷನ್ನು ನಮ್ಮ ಮಾತಿಗೆ ತಿರುಗಿಸಿ ಬರೆಯುತ್ತಿದ್ದೇನೆ. ಆ ದನಿಯ ಮೆದುತನ ಇಲ್ಲಿ ಬಂದಿಲ್ಲ.

ರೆಡ್ಮಂಡ್‌ನ ನಾವು ಏಳು ಜನ ಕನ್ನಡಿಗರು ಅವರ ಜೊತೆ ಹೋಗುವುದೆಂದು ನಿಶ್ಚಯವಾದಾಗ, ಮೂರು ತಿಂಗಳು ಪ್ರತಿ ಶನಿವಾರ ಹತ್ತಿರದ ಇಸಾಕ್ವಾದ ಗುಡ್ಡಗಳಲ್ಲಿ ನಮಗೆ ನಡಿಗೆ ಕಲಿಸಿದರು. ಹೌದು, ನಡಿಗೆ! ನಲವತ್ತು ದಾಟಿದ ನಮಗೆ! ಕೈ ಬೆನ್ನ ಹಿಂದೆ ಕಟ್ಟಿಕೊಂಡು ಎಲ್ಲರಿಗಿಂತ ಹಿಂದೆ ನಡೆಯುತ್ತಾ "ಇಮಿಕ್ ಸಿಮಿಕ್" ಅನ್ನುತ್ತಿದ್ದರು. ಅವರ ಭಾಷೆಯಲ್ಲಿ ಅದು 'ಸ್ವಲ್ಪ ಸ್ವಲ್ಪವಾಗಿ' ಅಂತ. ಊಟಕ್ಕೆ ಕೂತಾಗ ರೊಟ್ಟಿಗೆ ಆಲಿವ್ ಎಣ್ಣೆ ಸವರಿ, ಅದರ ಮೇಲೆ ನಾನು ತಂದ ಚಟ್ನಿಪುಡಿ ಉದುರಿಸಿ ತಿಂದು ಕಣ್ಣಲ್ಲಿ ನೀರು ತುಂಬಿಕೊಂಡು ನಗುತ್ತಿದ್ದರು. ಎರಡನೇ ಶನಿವಾರದಿಂದ ನನ್ನ ಹೆಸರೇ ಹೋಯಿತು. "ಪುಡಿ ಮೇಡಂ ಬಂದ್ರಾ?" ಅಂತ ಕೇಳಿ ನನ್ನ ಪಾಲಿನ ಕಲ್ಲು ದಾಟಿಸುತ್ತಿದ್ದರು.

ನನ್ನ ಕೋಪ ಮೂಗಿನ ತುದಿಯಲ್ಲೇ ಇರುತ್ತದೆ. ಆಗ ನಮ್ಮ ಆಫೀಸಿನಲ್ಲಿ ಹೆಜ್ಜೆ ಎಣಿಸುವ ಸ್ಪರ್ಧೆ ಬೇರೆ ನಡೆಯುತ್ತಿತ್ತು. ಕೈಗೆ ಕಟ್ಟಿದ ವಾಚೇ ನನಗೆ ಗುರು. ಗೈಡ್ ಆದರೋ ಇಡೀ ಗುಂಪನ್ನು ಎಲ್ಲರಿಗಿಂತ ನಿಧಾನವಾಗಿ ನಡೆಯುವವರ ವೇಗಕ್ಕೆ ಕಟ್ಟುತ್ತಿದ್ದರು. ನಿಧಾನವಾಗಿ ನಡೆಯುವವರು ನನ್ನ ಗಂಡ. ಮಂಡಿನೋವು ಪಾಪ, ಬೇಕೆಂದು ಮಾಡುತ್ತಿದ್ದುದಲ್ಲ. ಆದರೂ ಉಳಿದ ಐದು ಜನರ ಮುಂದೆ ನನಗೆ ಅದೊಂದು ಅವಮಾನವಾಗಿತ್ತು. ಈಗ ಬರೆಯುವಾಗ ಯಾವುದು ಅವಮಾನ ಎಂದು ಗೊತ್ತಾಗುತ್ತಿದೆ.

ಅಟ್ಲಾಸ್‌ನಲ್ಲಿ ನಾಲ್ಕನೇ ದಿನ. ಎತ್ತರದ ಕಣಿವೆಬಾಯಿ ದಾಟಿ ಇಳಿಯುತ್ತಿದ್ದೆವು. ಮಧ್ಯಾಹ್ನ ಒಂದು ಒರತೆಯ ಹತ್ತಿರ ಗೈಡ್ ಎಲ್ಲರನ್ನೂ ಕೂರಿಸಿ, ನನ್ನ ಗಂಡನ ಮಂಡಿಗೆ ಬಟ್ಟೆ ಕಟ್ಟತೊಡಗಿದರು. ಸಾಮಾನು ಹೊತ್ತ ಹೇಸರಗತ್ತೆಯೂ ಅದರ ಯಜಮಾನನೂ ನಿಂತರು. ಕಾಲು ಗಂಟೆಯಾಯಿತು, ಅರ್ಧ ಗಂಟೆಯಾಯಿತು. ನನ್ನ ಫೋನಿನಲ್ಲಿ ದಾರಿಯ ನಕ್ಷೆ ಇಳಿಸಿಕೊಂಡಿದ್ದೆ. ಆಫೀಸಿನ ಅಭ್ಯಾಸಬಲದಿಂದ ಗುಂಪಿನ ಚಾಟ್‌ಗೆ 'ನಾನು ಮುಂದೆ ಹೋಗಿರ್ತೀನಿ' ಎಂದು ಟೈಪ್ ಮಾಡಿ ಕಳಿಸಿದೆ. ಸಿಗ್ನಲ್ ಇಲ್ಲದ್ದು ಕಾಣುತ್ತಿತ್ತು. ಆದರೂ ತಿಳಿಸಿಯಾಯಿತಲ್ಲ ಎಂದು ಮನಸ್ಸಿಗೆ ಸಮಾಧಾನ ಹೇಳಿಕೊಂಡು ಎದ್ದು ನಡೆದೆ. ಹತ್ತು ಹೆಜ್ಜೆ ದೂರದಲ್ಲಿ ಕೂತಿದ್ದವರಿಗೆ ಬಾಯಿ ಬಿಟ್ಟು ಒಂದು ಮಾತು ಹೇಳಲಿಲ್ಲ.

ಒಂದೂವರೆ ಗಂಟೆಯಲ್ಲಿ ಹಳ್ಳಿ ಸೇರಿದೆ. ನಾವು ಇಳಿದುಕೊಳ್ಳಬೇಕಿದ್ದ ಮನೆಯ ಜಗುಲಿಯಲ್ಲಿ ಪುದೀನ ಚಹಾ ಕುಡಿಯುತ್ತಾ ವಾಚ್ ನೋಡಿಕೊಂಡು ಬೀಗುತ್ತಿದ್ದಾಗ, ಮೇಲೆ ಬೆಟ್ಟದಲ್ಲಿ ಆಲಿಕಲ್ಲು ಬೀಳತೊಡಗಿತು. ಸಂಜೆಗೆ ನಮ್ಮವರು ಹೇಸರಗತ್ತೆಯವನ ಜೊತೆ ನೆನೆದು ಬಂದರು. ಗೈಡ್ ಬರಲಿಲ್ಲ. ಒಂದು ಕಲ್ಲು ಉಳಿಯಿತೆಂದು ಅವರು ನನ್ನನ್ನು ಹುಡುಕಿಕೊಂಡು ಮತ್ತೆ ಮೇಲಕ್ಕೆ ಹತ್ತಿದ್ದರು. ಕೆಳಗೆ ಹೋಗಿದ್ದರೆ ಹೇಳಿ ಹೋಗುತ್ತಿದ್ದಳು, ಮರೆಯಲ್ಲೆಲ್ಲೋ ಜಾರಿ ಬಿದ್ದಿರಬೇಕು ಎನ್ನುವುದು ಅವರ ಲೆಕ್ಕ.

ಬೆಳಕು ಪೂರ್ತಿ ಹೋಗುವ ಹೊತ್ತಿಗೆ ಬಂದರು. ಅಂಗೈ ತರಚಿತ್ತು, ಕೂಗಿ ಕೂಗಿ ಗಂಟಲು ಕಟ್ಟಿತ್ತು. ನನ್ನನ್ನು ನೋಡಿದವರೇ ಮುಷ್ಟಿಯಲ್ಲಿದ್ದ ಕಲ್ಲನ್ನು ಜೇಬಿಗೆ ಹಾಕಿ, ಬಾಗಿಲಲ್ಲೇ ಕುಸಿದು ಕೂತರು.

ಎಲ್ಲರ ಕಣ್ಣೂ ನನ್ನ ಮೇಲೆ. ನನ್ನ ಗಂಡ ಕೇಳಿದರು, "ಹೇಳ್ದೆ ಕೇಳ್ದೆ ಹೇಗೆ ಹೋದೆ ನೀನು?"

"ಹೇಳೇ ಹೋಗಿದ್ದು," ಅಂದೆ. "ಒರತೆ ಹತ್ರ ಗೈಡ್‌ಗೆ ಹೇಳ್ದೆ. ತಲೆ ಆಡಿಸಿದ್ರು."

ಅದೇ ಮಾತನ್ನು ಇಂಗ್ಲಿಷಿನಲ್ಲಿ ಅವರ ಮುಖಕ್ಕೇ ಹೇಳಿದೆ. ಗೈಡ್ ತುಂಬ ಹೊತ್ತು ನನ್ನನ್ನು ನೋಡಿದರು. ಸಿಟ್ಟಿರಲಿಲ್ಲ, ಏನನ್ನೋ ನೆನಪಿಸಿಕೊಳ್ಳುವ ಹಾಗಿತ್ತು. ಆಮೇಲೆ ಬಲಗಿವಿಯನ್ನು ಮೆಲ್ಲಗೆ ಮುಟ್ಟಿಕೊಂಡರು. "ಹೇಳಿದ್ರಾ? ಹಾಗಾದ್ರೆ ನನಗೆ ಕೇಳಿಸಲಿಲ್ಲ. ತಪ್ಪು ನನ್ನದು," ಎಂದು ಏಳೂ ಜನರ ಕ್ಷಮೆ ಕೇಳಿದರು.

ಬೀಸುವ ದೊಣ್ಣೆ ತಪ್ಪಿದರೆ ಸಾವಿರ ವರ್ಷ ಆಯಸ್ಸು ಅನ್ನುತ್ತಾರೆ. ನಾನು ತಪ್ಪಿಸಿಕೊಂಡೆ. ಮಲಗುವ ಮುಂಚೆ ಗಂಡ ಇನ್ನೊಮ್ಮೆ ಕೇಳಿದರು, "ನಿಜವಾಗ್ಲೂ ಹೇಳಿದ್ಯಾ?" ಹೇಳಿದ್ದೆ ಎಂದು ಗೋಡೆಯ ಕಡೆ ತಿರುಗಿಕೊಂಡೆ. ಉಳಿದ ಮೂರು ದಿನ ಗೈಡ್ ಯಾರೇ ಬಾಯಿ ತೆರೆದರೂ ಹತ್ತಿರ ಬಂದು ನಿಂತು ಕೇಳಿಸಿಕೊಂಡರು. ಅದನ್ನು ನಾನು ಮರ್ಯಾದೆ ಎಂದುಕೊಂಡೆ.

ಮುಂದಿನ ಸಲದ ನಡಿಗೆಗೆ ಕರೆ ಬರಲಿಲ್ಲ. ವಯಸ್ಸಾಯಿತೇನೋ ಎಂದು ನಾವೇ ಮಾತಾಡಿಕೊಂಡೆವು. ಒಂದು ವರ್ಷದ ಮೇಲೆ ಟಕ್ವಿಲಾದ ಮಾಲ್‌ನಲ್ಲಿ ಶೂ ಕೊಳ್ಳುತ್ತಿದ್ದಾಗ ಅವರೇ ಎದುರಾದರು. ಅದೇ ಕಂದು ಕೋಟು. ಎರಡು ಜೇಬೂ ಸಮವಾಗಿದ್ದವು.

"ಪುಡಿ ಮೇಡಂ!" ಅಂದವರೇ ಕಿವಿಯ ಹಿಂದೆ ಅಂಗೈ ಇಟ್ಟು ಬಗ್ಗಿದರು. "ಜೋರಾಗಿ ಮಾತಾಡಿ. ನನ್ನ ಕಿವಿ ಕಥೆ ನಿಮಗೆ ಗೊತ್ತಲ್ಲ."

ಜನರನ್ನು ಕರೆದೊಯ್ಯುವುದನ್ನು ಬಿಟ್ಟೆನೆಂದರು. "ಅತಿಥಿ ಮಾತು ಕೇಳಿಸದವನು ಬೆಟ್ಟ ಹತ್ತಿಸಬಾರದು. ನಿಮಗೇನೂ ಆಗಲಿಲ್ಲ, ದೇವರು ದೊಡ್ಡವನು." ಅಷ್ಟರಲ್ಲಿ ಹಿಂದೆ ಯಾರದೋ ಬ್ಯಾಗಿನೊಳಗೆ ಫೋನ್ ಸಣ್ಣಗೆ ಗುಂಯ್ ಅಂದಿತು. ನನಗಿಂತ ಮೊದಲು ತಿರುಗಿ ನೋಡಿದವರು ಅವರು.

ಆಗ ಹೇಳಬೇಕಿತ್ತು. ಒಂದೇ ಒಂದು ವಾಕ್ಯ ಸಾಕಿತ್ತು. ಆ ಮನುಷ್ಯ ಮತ್ತೆ ಬೆಟ್ಟಕ್ಕೆ ಹೋಗುತ್ತಿದ್ದರು. ಹೇಳಲಿಲ್ಲ. ಅದಕ್ಕಿಂತ ನಾಚಿಕೆಗೇಡಿನದು ಇನ್ನೊಂದಿದೆ: ಚೆನ್ನಾಗಿ ಕಿವಿ ಕೇಳುವ ಆ ಮನುಷ್ಯನಿಗೆ ನಾನು ಗಟ್ಟಿಯಾಗಿ ಕೂಗಿ ಹೇಳಿದೆ, "ಚಟ್ನಿಪುಡಿ ಕಳಿಸ್ತೀನಿ!" ಅದನ್ನೂ ಕಳಿಸಲಿಲ್ಲ.

ಈ ಫೆಬ್ರವರಿಯಲ್ಲಿ ಅವರು ಹೃದಯಾಘಾತದಿಂದ ಹೋದರು. ಮೂರನೇ ದಿನ ಗಂಡನ ಜೊತೆ ಅವರ ಮನೆಗೆ ಹೋದೆ. ಮಗಳು ಆಸ್ಪತ್ರೆಯಲ್ಲಿ ನರ್ಸ್. ಗೋಡೆಯ ಹತ್ತಿರ ಅವರ ಹೆಂಡತಿ ಕೂತಿದ್ದರು, ಇಂಗ್ಲಿಷ್ ಬಾರದವರು. ನಾವು ಅಟ್ಲಾಸ್‌ಗೆ ಹೋಗಿದ್ದವರೆಂದು ತಿಳಿದು ಮಗಳು ಪ್ರೀತಿಯಿಂದ ಚಹಾ ಬಗ್ಗಿಸಿದರು.

"ಅಪ್ಪ ಎರಡು ಸಲ ಕಿವಿ ಟೆಸ್ಟ್ ಮಾಡಿಸಿಕೊಂಡರು. ಎರಡು ಸಲವೂ ಪೂರ್ತಿ ಸರಿ ಇತ್ತು. ನಂಬಲೇ ಇಲ್ಲ. ಮೆಷಿನ್ ತಪ್ಪಿರಬಹುದು, ಆ ಹೆಂಗಸು ನನಗ್ಯಾಕೆ ಸುಳ್ಳು ಹೇಳ್ತಾಳೆ ಅನ್ನೋರು. ಅಮ್ಮ ಊಟಕ್ಕೆ ಕರೆದರೂ, ನಿಜವಾಗಿ ಕರೆದೆಯಾ ಅಂತ ಕೇಳೋರು."

ಗಂಡ ನನ್ನ ಕಡೆ ನೋಡಲಿಲ್ಲ. ಲೋಟ ಕೆಳಗಿಟ್ಟೆ.

"ಆ ಹೆಂಗಸು ನಾನೇ," ಅಂದೆ. "ನಾನು ಅವರಿಗೆ ಹೇಳಿರಲಿಲ್ಲ." ದನಿ ಎಷ್ಟು ಸಣ್ಣಗಿತ್ತೆಂದರೆ ನನಗೇ ಸರಿಯಾಗಿ ಕೇಳಲಿಲ್ಲ.

ಮಗಳಿಗೆ ಕೇಳಿಸಿತ್ತು. ಎದ್ದು ಹೋಗಿ ತಾಯಿಯ ಪಕ್ಕ ಕೂತು ಅವರ ಕೈ ಹಿಡಿದುಕೊಂಡರು.

"ಇನ್ನೊಂದು ಸಲ ಹೇಳಿ," ಅಂದರು. "ಜೋರಾಗಿ ಹೇಳಿ. ಅಮ್ಮನಿಗೆ ನಾನು ಒಂದೊಂದೇ ಮಾತು ತಿಳಿಸ್ತೀನಿ."