ಮಳೆ ಪುಸ್ತಕ, ಮಾತ್ರೆ ಪುಸ್ತಕ

ಮೂಡಿಗೆರೆ ಕಡೆಯ ಕಾಫಿ ಎಸ್ಟೇಟೊಂದರಲ್ಲಿ ನಾನು ರೈಟರು. ಕಥೆ ಬರೆಯುವವನಲ್ಲ, ಆಳುಗಳ ಹಾಜರಿ ಮತ್ತು ದಿನದ ಮಳೆ ಬರೆಯುವವನು. ಬೆಳಿಗ್ಗೆ ಎಂಟಕ್ಕೆ ಬಂಗಲೆ ಮುಂದಿನ ಮಳೆಮಾಪಕದ ನೀರನ್ನು ಗಾಜಿನ ಅಳತೆಗೆ ಸುರಿದು ಇಂಚು, ಇಂಚಿನ ನೂರನೇ ಪಾಲಾದ ಸೆಂಟಿನಲ್ಲಿ ಪುಸ್ತಕಕ್ಕೆ ಏರಿಸುತ್ತೇನೆ. ಪಕ್ಕದ ಎಸ್ಟೇಟಿನ ರೈಟರು ತಮ್ಮ ಮಳೆಗೆ ಎರಡು ಸೆಂಟ್ ಸೇರಿಸಿ ಹೇಳುತ್ತಾರೆಂದು ಅವರ ಜೊತೆ ಮಾತು ಬಿಟ್ಟವನು ನಾನು. ಮೂಗಿನ ತುದಿಯಲ್ಲೇ ಕೋಪ. ಮದುವೆಯಾಗಲಿಲ್ಲ, ಕ್ವಾರ್ಟರ್ಸಿನಲ್ಲಿ ಒಬ್ಬನೇ.

ಬೆರಳಿನ ಕೀಲುಗಳು ಊದಿ ಪೆನ್ನು ಹಿಡಿಯುವುದೇ ಕಷ್ಟವಾದಾಗ, ಘಟ್ಟದ ಕೆಳಗಿನ ಆಸ್ಪತ್ರೆಯ ಡಾಕ್ಟರು ಹೊಸ ಮಾತ್ರೆಯೊಂದರ ಪ್ರಯೋಗಕ್ಕೆ ಸೇರುತ್ತೀರಾ ಎಂದು ಕೇಳಿದರು. ಮೊದಲು ಕೆಲವು ಆರೋಗ್ಯವಂತರಿಗೆ, ಆಮೇಲೆ ಸ್ವಲ್ಪ ರೋಗಿಗಳಿಗೆ ಕೊಟ್ಟು ನೋಡಿದ್ದಾರಂತೆ. ಈಗ ದೊಡ್ಡ ಗುಂಪಿನ ಸರದಿ. ಇದನ್ನು ದಾಟಿದರೆ ಸರ್ಕಾರದ ಒಪ್ಪಿಗೆ ಕೇಳಬಹುದು. ಕೆಲವರಿಗೆ ಹೊಸ ಮಾತ್ರೆ, ಕೆಲವರಿಗೆ ನೋಡಲು ಹಾಗೆಯೇ ಇರುವ, ಮದ್ದಿಲ್ಲದ ಮಾತ್ರೆ. ಯಾರಿಗೆ ಯಾವುದೆಂದು ಡಾಕ್ಟರಿಗೂ ತಿಳಿಯದು. ಎಲ್ಲ ಓದಿ ಸಹಿ ಹಾಕಿದೆ. ದಿನಾ ಮೈಯಲ್ಲಿ ಏನಾಯಿತೆಂದು ಬರೆಯಲು ಒಂದು ಪುಸ್ತಕವನ್ನೂ ಕೊಟ್ಟರು.

ಪ್ರಯೋಗದ ಉಸ್ತುವಾರಿ ನೋಡುವ ಹೆಣ್ಣುಮಗಳು ಪ್ರತಿ ಬುಧವಾರ ಹನ್ನೊಂದಕ್ಕೆ ಫೋನ್ ಮಾಡುತ್ತಿದ್ದರು. ನಮ್ಮಲ್ಲಿ ಸಿಗ್ನಲ್ ಸಿಗುವುದು ಕಾಫಿ ಹಣ್ಣು ಸುಲಿಯುವ ಪಲ್ಪರ್ ಮನೆಯ ಜಗಲಿಯಲ್ಲಿ ಮಾತ್ರ. ಹತ್ತೂವರೆಗೇ ಹೋಗಿ ನಿಂತಿರುತ್ತಿದ್ದೆ.

"ಹೇಗಿದ್ದೀರಿ ಸರ್? ನಿದ್ದೆ ಬರ್ತದಾ? ಊಟ ಸೇರ್ತದಾ?"

ಅಮ್ಮ ಹೋದಮೇಲೆ ಊಟ ಸೇರುತ್ತದಾ ಎಂದು ನನ್ನನ್ನು ಕೇಳಿದವರಿರಲಿಲ್ಲ. ಬುಧವಾರಕ್ಕಾಗಿ ಕಾಯತೊಡಗಿದೆ.

ಮೂರನೇ ವಾರ ತಲೆಸುತ್ತು ಶುರುವಾಯಿತು. ಬಗ್ಗಿ ಎದ್ದರೆ ಕಣ್ಣು ಕತ್ತಲೆ. ಮಾತ್ರೆ ಪುಸ್ತಕದಲ್ಲಿ ಮಾತ್ರ ದಿನಾ ‘ಏನೂ ಇಲ್ಲ’ ಎಂದು ಬರೆದೆ, ಫೋನಿನಲ್ಲೂ ಅದನ್ನೇ ಹೇಳಿದೆ. ಗೊತ್ತಾದರೆ ಮಾತ್ರೆ ನಿಲ್ಲಿಸುತ್ತಾರೆ, ಮಾತ್ರೆ ನಿಂತರೆ ಫೋನೂ ನಿಲ್ಲುತ್ತದೆ. ನಾಚಿಕೆಯಾಗುತ್ತದೆ, ಆದರೆ ಕಾರಣ ಇಷ್ಟೇ.

ಜುಲೈನ ಒಂದು ಬುಧವಾರ ಮಳೆಮಾಪಕಕ್ಕೆ ಬಗ್ಗಿದವನಿಗೆ ಏಳುವಾಗ ತಲೆ ತಿರುಗಿತು. ಬೇಲಿಗೂಟ ಹಿಡಿದುಕೊಂಡೆ, ನೀರೆಲ್ಲ ಚೆಲ್ಲಿಹೋಯಿತು. ಹಿಂದಿನ ದಿನದ್ದನ್ನು ನೋಡಿ ಅಂದಾಜಿಗೆ ನಾಲ್ಕು ಇಂಚು ಎಂದು ಬರೆದಿದ್ದರೆ ಯಾರಿಗೂ ಗೊತ್ತಾಗುತ್ತಿರಲಿಲ್ಲ. ಕೈ ಬರಲಿಲ್ಲ. ‘ಅಳೆಯುವವನಿಗೆ ತಲೆ ಸುತ್ತಿ ನೀರು ಚೆಲ್ಲಿದೆ’ ಎಂದು ಬರೆದೆ. ಬರೆದಮೇಲೆ ಅದನ್ನೇ ನೋಡುತ್ತ ಕುಳಿತೆ. ಮಳೆಗೆ ಸುಳ್ಳು ಹೇಳಲಾರದವನು ಮನುಷ್ಯರಿಗೆ ಎರಡು ತಿಂಗಳಿಂದ ಹೇಳುತ್ತ ಬಂದಿದ್ದೆ. ನನ್ನ ‘ಏನೂ ಇಲ್ಲ’ವನ್ನು ನಂಬಿ ನಾಳೆ ಯಾರೋ ಈ ಮಾತ್ರೆ ನುಂಗಿ ಏಣಿ ಹತ್ತಿಯಾರು.

ಅಂದು ಹನ್ನೊಂದಕ್ಕೆ ಎಲ್ಲ ಹೇಳಿಬಿಟ್ಟೆ.

"ಮೊದಲೇ ಹೇಳ್ಬೇಕಿತ್ತು ಸರ್."

"ಹೌದು ಮೇಡಂ, ತಪ್ಪಾಯ್ತು."

ಬೈದಿದ್ದರೆ ಸಮಾಧಾನವಾಗುತ್ತಿತ್ತೇನೋ. ಮಾತ್ರೆ ನಿಲ್ಲಿಸಿದರು. ತಲೆಸುತ್ತು ಪೂರ್ತಿ ಹೋಗುವವರೆಗೆ ವಿಚಾರಿಸಿದರು, ಆಮೇಲೆ ಫೋನ್ ನಿಂತಿತು. ನನಗೆ ಕೊಟ್ಟದ್ದು ನಿಜವಾದ ಮಾತ್ರೆಯೇ ಎಂದು ಪ್ರಯೋಗ ಮುಗಿದಮೇಲೆ ಒಂದು ಕಾಗದ ಬಂತು.

ಕೆಲವು ವರ್ಷಗಳ ನಂತರ, ಮೊನ್ನೆ, ನಮ್ಮ ಮೇಸ್ತ್ರಿ ತನ್ನ ಕೀಲುನೋವಿಗೆ ಡಾಕ್ಟರು ಬರೆದುಕೊಟ್ಟ ಮಾತ್ರೆ ಡಬ್ಬಿಯೊಂದನ್ನು ತಂದ. ನನಗೆ ಬಂದ ಕಾಗದದಲ್ಲಿದ್ದ ಹೆಸರೇ ಡಬ್ಬಿಯ ಮೇಲೂ ಇತ್ತು, ಅದೇ ಮಾತ್ರೆ. ಒಪ್ಪಿಗೆ ಸಿಕ್ಕಿ ಅಂಗಡಿಗೆ ಬಂದಿತ್ತು.

"ಎಂತ ಬರ್ದಿದಾರೆ ಇದ್ರಲ್ಲಿ, ಸ್ವಲ್ಪ ಓದಿ ಮಾರಾಯ್ರೇ."

ಒಳಗಿನ ಇಂಗ್ಲಿಷ್ ಚೀಟಿ ಬಿಡಿಸಿ ಕನ್ನಡದಲ್ಲಿ ಹೇಳುತ್ತ ಹೋದೆ. "ತಲೆ ಸುತ್ತು ಬರ್ಬಹುದಂತೆ. ಕೂತು ಏಳುವಾಗ ನಿಧಾನಕ್ಕೆ ಏಳು ಮಾರಾಯ."

"ಇದೆಲ್ಲ ಇವ್ರಿಗೆ ಹೆಂಗೆ ಗೊತ್ತಾಗ್ತದೆ?"

"ಯಾರಾದ್ರೂ ಹೇಳಿರ್ತಾರೆ," ಎಂದೆ.

ಅವನು ಹೋದಮೇಲೆ ಜಗಲಿಗೆ ಹೋಗಿ ಹಳೆಯ ನಂಬರಿಗೆ ಫೋನ್ ಮಾಡಿದೆ. ಚೀಟಿಯಲ್ಲಿ ತಲೆಸುತ್ತು ಬಂದಿದೆ ಎಂದು ಆಕೆಗೊಮ್ಮೆ ಹೇಳಬೇಕೆನಿಸಿತ್ತು. ಬೇರೆ ಯಾರೋ ಎತ್ತಿದರು. ಆಕೆ ಕೆಲಸ ಬಿಟ್ಟು ವರ್ಷವಾಯಿತಂತೆ.

"ನಿಮಗೇನಾದ್ರೂ ತೊಂದ್ರೆ ಇತ್ತಾ ಸರ್?"

ಏನೂ ಇಲ್ಲ ಎಂದೆ.