ನಾಲ್ಕು ಬೆರಳಿನ ಅಳತೆ

“ಈಗ ಮೂರ ಬೆರಳ ಐತ್ರಿ,” ಎಂದಳು ಹೆಂಡತಿ ಹುಲಿಗೆಮ್ಮ. ನಮ್ಮ ಹಳೆಯ ಟ್ರ್ಯಾಕ್ಟರಿನ ಹಿಂದೆ ಎತ್ತಿ ನಿಲ್ಲಿಸಿದ್ದ ಹುಲ್ಲು ಕತ್ತರಿಸುವ ಯಂತ್ರದ ಒಂದು ಬದಿಗೆ ಅವಳು, ಇನ್ನೊಂದು ಬದಿಗೆ ನಾನು ಕೂತಿದ್ದೆವು. ಕಾಲುವೆ ದಂಡೆಯ ಹುಲ್ಲಿನಲ್ಲಿ ಕಲ್ಲು ಜಾಸ್ತಿ. ಯಂತ್ರ ನೆಲದಿಂದ ನಾಲ್ಕು ಬೆರಳು ಮೇಲಿರದಿದ್ದರೆ ಬ್ಲೇಡು ಉಳಿಯುವುದಿಲ್ಲ. ಟೇಪು ಯಾರು ಹುಡುಕಬೇಕು? ಅಪ್ಪನ ಕಾಲದಿಂದಲೂ ನಮ್ಮದು ಎಂಜಿನ್ ನಿಲ್ಲಿಸಿ, ಅಡಿಗೆ ಕೈ ತೂರಿಸಿ ಬೆರಳಿನಲ್ಲೇ ಅಳೆಯುವ ರೂಢಿ.

ಐದು ನಿಮಿಷದ ಹಿಂದೆ ನಾಲ್ಕು ಎಂದವಳೂ ಅವಳೇ. ನನಗೆ ರೇಗಿತು. “ಬೆರಳು ಎಣಿಸಾಕ ಬರಂಗಿಲ್ಲೇನ ನಿನಗ?” ಎನ್ನುತ್ತಾ ನನ್ನ ಬದಿಯಿಂದ ಕೈ ಒಳಗಿಟ್ಟೆ. ಮೂರು ಬೆರಳಿಗೇ ಬಿಗಿಯಾಯಿತು.

“ರೀ, ಅದು ಕೆಳಗ ಇಳಿಯಾಕತ್ತೈತಿ! ಕೈ ತಗೀರಿ!”

ಕೈ ಎಳೆದುಕೊಂಡೆ. ಬೆರಳ ಗೆಣ್ಣಿನ ಚರ್ಮ ಕಿತ್ತು ಬಂತು. ನಾವು ನೋಡುತ್ತಿದ್ದಂತೆಯೇ ಅಷ್ಟು ಭಾರದ ಯಂತ್ರ ಸದ್ದಿಲ್ಲದೆ ನೆಲಕ್ಕೆ ಕೂತಿತು. ಅದನ್ನು ಎತ್ತಿ ಹಿಡಿದಿದ್ದ ಹೈಡ್ರಾಲಿಕ್‌ನಿಂದ ಎಣ್ಣೆ ಸೋರುತ್ತಿತ್ತು.

ಈಗ ಕೈ ಹಾಕುವ ಮೊದಲು ಯಂತ್ರದ ಅಡಿಗೆ ಜಾಲಿಯ ಕೊರಡು ಕೊಡುತ್ತೇವೆ. ಮಸ್ಕಿಯಿಂದ ಟೇಪೂ ತಂದಿದ್ದೇನೆ. ಆದರೂ ಹೊಲದಿಂದ ಬಂದು ಊಟಕ್ಕೆ ಕೂತರೆ, ರೊಟ್ಟಿ ಹಾಕುವ ಮುಂಚೆ ಹುಲಿಗೆಮ್ಮ ಒಮ್ಮೆ ನನ್ನ ಕೈ ನೋಡುತ್ತಾಳೆ. ಬೆರಳು ಎಣಿಸಲು ಅವಳಿಗೆ ಚೆನ್ನಾಗಿಯೇ ಬರುತ್ತದೆ.