ಚುಕ್ಕೆ ಹಾಕಿದ ಬೈಗುಳ

ತಮಿಳುನಾಡಿಗೆ ಸೇರಿದ ಗಡಿಯ ತಾಳವಾಡಿಯಲ್ಲಿ ನನ್ನದೊಂದು ಟೈಪಿಂಗ್ ಅಂಗಡಿ. ಜೆರಾಕ್ಸ್, ಲ್ಯಾಮಿನೇಷನ್, ಪಟ್ಟಾ ಅರ್ಜಿ, ರೇಷನ್ ಕಾರ್ಡಿನ ಹೆಸರು ತಿದ್ದುವ ಅರ್ಜಿ, ಆನೆ ತಿಂದ ಜೋಳಕ್ಕೆ ಪರಿಹಾರ ಕೇಳುವ ಅರ್ಜಿ, ಎಲ್ಲವೂ ನನ್ನ ಕೈಯಿಂದಲೇ ಆಗಬೇಕು. ಜನ ಕನ್ನಡದಲ್ಲಿ ಕೂಗಾಡುತ್ತಾರೆ, ನಾನು ಅದನ್ನು ತಮಿಳಿನಲ್ಲಿ ವಿನಯವಾಗಿ ಟೈಪ್ ಮಾಡುತ್ತೇನೆ. ಇದನ್ನೇ ಮಾಡಿ ಮಾಡಿ ನನ್ನ ಸ್ವಭಾವವೂ ಅರ್ಜಿಯ ಹಾಗೇ ಆಗಿಬಿಟ್ಟಿದೆ. ಮನೆಯಲ್ಲಿ ಪಾತ್ರೆ ಎತ್ತಿ ಕುಕ್ಕುತ್ತೇನೆ, ಹೊರಗೆ ಯಾರಾದರೂ ಸ್ವಲ್ಪ ದನಿ ಏರಿಸಿದರೆ ಕೈ ಕಟ್ಟಿ ನಿಲ್ಲುತ್ತೇನೆ.

ಈ ಊರಲ್ಲಿ ನನ್ನನ್ನು ಬೈಯುತ್ತಿದ್ದವಳು ಒಬ್ಬಳೇ, ತಾಳಮಲೆ ಕಡೆಯ ಕಾಡೊಳಗಿನ ಹಾಡಿಯ, ಇಲ್ಲಿಯವರ ಮಾತಲ್ಲಿ ಪೋಡಿನ, ಅಜ್ಜಿ. ವಾರಕ್ಕೊಮ್ಮೆ ಸಂತೆಗೆ ಜೇನು, ಸೀಗೆಕಾಯಿ ಹೊತ್ತು ಬಸ್ಸಿನಲ್ಲಿ ಬರುವಳು. ಚೀಲವನ್ನು ನನ್ನ ಅಂಗಡಿಯ ಮೂಲೆಗೆ ಎಸೆದು ಶುರು ಮಾಡುವಳು.

"ಏನಮ್ಮಿ, ತಲೆ ಬಾಚ್ಕಳಕ್ಕೂ ನಿಂಗೆ ಅರ್ಜಿ ಕೊಡ್ಬೇಕಾ? ಸೋಂಬೇರಿ ಮುಂಡೇದೆ, ಒಂದ್ಲೋಟ ನೀರ್ ಕೊಡು."

ಕಾದು ಕುಳಿತ ಗಿರಾಕಿಗಳೆಲ್ಲ ನಗುತ್ತಿದ್ದರು. ಒಮ್ಮೆ ರೇಗಿ ಕೇಳಿದ್ದೆ, ಇಷ್ಟು ಜನ ಇದ್ದಾರಲ್ಲ, ನನ್ನನ್ನೇ ಯಾಕೆ ಬೈಯುತ್ತೀಯ ಎಂದು.

"ಕಂಡೋರ್ನೆಲ್ಲಾ ಬೈಯಕ್ಕೆ ನಂಗೇನ್ ಉಚ್ಚಾ? ನಮ್ದು ಅನ್ನಾದ್ನ ಬೈಯದು ಕಣಮ್ಮಿ. ನನ್ನ ದ್ಯಾವ್ರು, ನನ್ನ ಎಮ್ಮೆ, ನೀನು."

ಎಮ್ಮೆಯ ನಂತರವಾದರೂ ನಾನು ಪಟ್ಟಿಯಲ್ಲಿದ್ದೇನೆ ಎಂದು ಆವತ್ತು ಸುಮ್ಮನಾದೆ.

ದೇವರನ್ನು ಬೈಯುತ್ತೇನೆ ಎಂದಳಲ್ಲ, ಅದು ತಮಾಷೆಯ ಮಾತಲ್ಲ. ಅವರ ಪೋಡಿನ ಪಕ್ಕ, ಬೂರುಗದ ಮರದ ಕೆಳಗೆ ಒಂದು ಕಲ್ಲಿದೆ. ಅದೇ ದೇವರು. ರಾಗಿ ತೆನೆ ಕಟ್ಟುವ ಕಾಲಕ್ಕೆ, ಕಾವಲಿನ ಅಟ್ಟಣೆ ಹಾಕುವ ಮೊದಲು, ಒಂದು ದಿನ ಬೆಳಿಗ್ಗೆ ಅಜ್ಜಿ ಆ ಕಲ್ಲಿನ ಮುಂದೆ ನಿಂತು ಬೈಯಬೇಕು. ಅವಳಿಗಿಂತ ಮೊದಲು ಅವಳ ಅತ್ತೆ ಬೈಯುತ್ತಿದ್ದಳು. ಬೈಯದಿದ್ದರೆ ದೇವರು ಹಾಗೇ ನಿದ್ದೆ ಹೋಗಿಬಿಡುತ್ತಾನೆ, ಆನೆ ಹಂದಿಗಳಿಗೆ ಹೇಳುವವರು ಕೇಳುವವರು ಇರುವುದಿಲ್ಲ ಎಂದು ಅವರ ನಂಬಿಕೆ. ಬೈದು ಮುಗಿದ ಮೇಲೆ ರಾಗಿಹಿಟ್ಟು, ಜೇನು ಎಡೆ ಇಟ್ಟು ಸಮಾಧಾನ ಮಾಡುತ್ತಾಳೆ. ಪಣಕಹಳ್ಳಿ, ತಿಗನಾರೆಯ ರೈತರೂ ಅಲ್ಲಿ ಸಾಲು ನಿಲ್ಲುತ್ತಾರೆ. ಹಿಂದಿನ ವರ್ಷ ಏನೇನು ಹಾಳಾಯಿತು ಎಂದು ಅಜ್ಜಿಯ ಕಿವಿಯಲ್ಲಿ ಹೇಳಿದರೆ ಅವರ ಪರವಾಗಿಯೂ ಅವಳೇ ಬೈಯುತ್ತಾಳೆ. ಒಟ್ಟಿನಲ್ಲಿ ನಾವಿಬ್ಬರೂ ಒಂದೇ ಕಸುಬಿನವರು. ನನ್ನ ಅರ್ಜಿ ಕಚೇರಿಗೆ, ಅವಳ ಅರ್ಜಿ ಕಲ್ಲಿಗೆ.

ಕಳೆದ ವರ್ಷ ನಾನೂ ಹೋಗಿದ್ದೆ. ಹೋದವಳು ಸುಮ್ಮನಿರಬಾರದೇ? ಮೊಬೈಲಿನಲ್ಲಿ ವಿಡಿಯೊ ತೆಗೆದು ಸ್ಟೇಟಸ್‌ಗೆ ಹಾಕಿದೆ.

"ಏನೋ ಮೂದೇವಿ, ಕಲ್ಲಾಗಿ ಕುಂತ್ಬುಟ್ರೆ ಆಗೋಯ್ತಾ? ಆನೆ ಏನು ನಿನ್ ಸ್ವಾದರಮಾವ್ನಾ, ಕಂಡೂ ಕಾಣ್ದಂಗೆ ಇರಕ್ಕೆ? ಎಡೆ ತಿನ್ನಕ್ಕೆ ಮಾತ್ರ ಬಾಯಿ ಐತೆ, ಕೂಳ್ಗೇಡಿ!"

ನನಗೆ ಅದು ತುಂಬ ಚೆನ್ನಾಗಿ ಕಂಡಿತ್ತು. ಎರಡು ದಿನದಲ್ಲಿ ಅದು ಬೆಟ್ಟ ಇಳಿದು ಎಲ್ಲೆಲ್ಲೋ ಹೋಯಿತು. ಮೂರನೇ ದಿನ ಐದು ಜನರ ಮನಸ್ಸು ನೊಂದಿತು.

ನೊಂದ ಐವರೂ ಒಂದೇ ವ್ಯಾನಿನಲ್ಲಿ ನನ್ನ ಅಂಗಡಿಗೆ ಬಂದರು. ಮುಂದಿದ್ದವನು ತಿಗನಾರೆಯವನು, ಹೊಸದಾಗಿ ಒಂದು ಸಂಘ ಕಟ್ಟಿ ಅದರ ಅಧ್ಯಕ್ಷನಾಗಿದ್ದ. ಹಂದಿ ತಿಂದ ಆಲೂಗೆಡ್ಡೆಯ ಬಗ್ಗೆ ಅದೇ ಕಲ್ಲಿನ ಮುಂದೆ ಅಜ್ಜಿಯಿಂದ ಬೈಯಿಸಿದ್ದವನು. ಅದನ್ನು ನೆನಪಿಸಿದೆ.

"ಅದು ಬೇರೆ. ಆವಾಗ ವಿಡಿಯಾ ಇರ್ನಿಲ್ಲ. ಈಗ ಊರೂರೂ ನೋಡ್ಬುಟ್ಟದೆ. ನಮ್ ದೇವ್ರನ್ನ ಬೈದ್ರೆ ಸುಮ್ಕಿರಕ್ಕಾಯ್ತದಾ? ಕಂಪ್ಲೇಂಟ್ ಟೈಪ್ ಮಾಡಿ."

ಟೈಪಿಂಗ್‌ಗೆ ಬೇರೆ ಅಂಗಡಿ ಇಲ್ಲ. ಹೀಗಾಗಿ ನನ್ನ ವಿಡಿಯೊದ ಮೇಲಿನ ದೂರನ್ನು ನಾನೇ ಟೈಪ್ ಮಾಡಲು ಕುಳಿತೆ. ಅವಳು ಏನೆಂದು ಬೈದಳು ಎಂದು ಹೇಳಿ ಎಂದೆ. ಐವರೂ ಒಬ್ಬರ ಮುಖ ಒಬ್ಬರು ನೋಡಿದರು. ಆ ಮಾತು ಬಾಯಲ್ಲಿ ಬಂದರೆ ತಾವೇ ದೇವರನ್ನು ಬೈದ ಹಾಗಾಗುತ್ತದಲ್ಲ! ನೀವೇ ವಿಡಿಯೊ ನೋಡಿಕೊಂಡು ಬರೆಯಿರಿ ಎಂದರು. ನನಗೂ ದೇವರ ಭಯವಿದೆ ಎಂದೆ. ಕೊನೆಗೆ ಬೈಗುಳ ಬರುವ ಕಡೆಯಲ್ಲೆಲ್ಲ ಚುಕ್ಕೆ ಹಾಕುವುದೆಂದು ತೀರ್ಮಾನವಾಯಿತು. ಅಜ್ಜಿಯ ಮಾತಿನಲ್ಲಿ ಬೈಗುಳವೇ ಹೆಚ್ಚಾದ್ದರಿಂದ ಪುಟದ ತುಂಬ ಚುಕ್ಕೆಯೇ ಆಯಿತು. ನಡುವೆ 'ಆನೆ' ಮತ್ತು 'ಸೋದರಮಾವ' ಎಂಬ ಎರಡು ಪದ ಮಾತ್ರ ಉಳಿದವು.

ಠಾಣೆಯಲ್ಲಿ ಆ ಕಾಗದವನ್ನು ಹಿಂದೆ ಮುಂದೆ ತಿರುಗಿಸಿ ನೋಡಿ, ಚುಕ್ಕೆಗೆಲ್ಲ ಕೇಸು ಹಾಕಲು ಬರುವುದಿಲ್ಲ ಎಂದು ವಾಪಸು ಕಳಿಸಿದರಂತೆ. ನಾನು ಒಳಗೊಳಗೇ ಕುಣಿದೆ. ಕುಣಿದದ್ದು ಅರ್ಧ ಗಂಟೆ ಮಾತ್ರ. ಐವರೂ ಮತ್ತೆ ಬಂದರು.

"ಕೇಸ್ ಬ್ಯಾಡ. ಮನ್ನಿಪ್ಪು ಪತ್ರ ಟೈಪ್ ಮಾಡಿ, ಮುದುಕಿ ಎಬ್ಬೆಟ್ಟು ಒತ್ಲಿ. ಇಲ್ದೇ ಇದ್ರೆ ಕಲ್ಲಿನ ತಾವ್ಕೆ ಯಾರ್ನೂ ಬುಡಕ್ಕಿಲ್ಲ. ನಿಮ್ ಅಂಗ್ಡಿ ಮೆಟ್ಲನ್ನೂ ಯಾರೂ ಅತ್ತಕ್ಕಿಲ್ಲ."

ಆಗ ನಾನು 'ಇದು ಅವಳ ದೇವರು, ಅವಳ ಬಾಯಿ, ನಿಮಗೇನು?' ಎನ್ನಬೇಕಿತ್ತು. ಈ ಮಾತು ನನಗೆ ಆಮೇಲೆ ಪಾತ್ರೆ ತೊಳೆಯುವಾಗ ಬಹಳ ಸೊಗಸಾಗಿ ಹೊಳೆಯಿತು. ಅಲ್ಲಿ ಮಾತ್ರ ಕೈ ಕಟ್ಟಿದೆ. ಕ್ಷಮಾಪಣೆ ಪತ್ರ ಹತ್ತು ನಿಮಿಷದಲ್ಲಿ ತಯಾರಾಯಿತು. ಒಂದು ಅಕ್ಷರ ತಪ್ಪಿರಲಿಲ್ಲ.

ಸಂತೆಯ ದಿನ ಅಜ್ಜಿ ಬಂದಳು. ಐವರು ಬಾಗಿಲಲ್ಲಿ ನಿಂತಿದ್ದರು. ಪತ್ರವನ್ನು ಕನ್ನಡದಲ್ಲಿ ಓದಿ ಹೇಳಿದೆ. ತಪ್ಪಾಯಿತು, ಇನ್ನು ಮುಂದೆ ದೇವರನ್ನು ಬೈಯುವುದಿಲ್ಲ, ಗೌರವದಿಂದ ಮಾತನಾಡಿಸುತ್ತೇನೆ ಎಂದು ಅದರಲ್ಲಿತ್ತು.

"ಬೈದೆ ಇದ್ರೆ ಅವ್ನು ನಿದ್ದೆ ಓಯ್ತಾನೆ ಕಣಮ್ಮಿ. ನಿಂಗೆ ಗೊತ್ತಲ್ವಾ?"

"ಬರೀ ಕಾಗದ ಅಜ್ಜಿ. ಒತ್ತಿಬಿಡು, ಮುಗಿದುಹೋಗಲಿ."

ಅವಳು ಹೆಬ್ಬೆಟ್ಟು ಒತ್ತಿ, ಶಾಯಿಯನ್ನು ಸೆರಗಿಗೆ ಒರೆಸಿಕೊಂಡಳು. ಮೂಲೆಯಲ್ಲಿದ್ದ ಚೀಲ ಎತ್ತಿಕೊಂಡು, "ಬತ್ತೀನಿ ತಾಯಿ, ನಿಮ್ಗೆ ತೊಂದ್ರೆ ಆಯ್ತು" ಎಂದಳು. ನನಗೆ ಕಪಾಳಕ್ಕೆ ಹೊಡೆಸಿಕೊಂಡ ಹಾಗಾಯಿತು.

ಈ ವರ್ಷ ಬೈಯುವ ದಿನ ಬಂತು. ಎಂದಿನಂತೆ ಸಾಲು ನಿಂತಿತ್ತು. ಅಜ್ಜಿ ಮಡಿಸೀರೆ ಉಟ್ಟು ಬಂದು ಕಲ್ಲಿಗೆ ಕೈ ಮುಗಿದಳು.

"ಸ್ವಾಮೇರಾ, ಚೆಂದಾಗಿದ್ದೀರಾ? ಎಡೆ ಮಡ್ಗಿವ್ನಿ, ನಿಧಾನವಾಗಿ ಉಣ್ಣಿ. ನಮ್ದೇನೂ ದೂರಿಲ್ಲ."

ಅಷ್ಟೇ. ತಿರುಗಿ ಮನೆಗೆ ನಡೆದಳು. ಸಾಲಿನಲ್ಲಿದ್ದವರು ತಮ್ಮ ತಮ್ಮ ಜೋಳ, ಕೋಸು, ರಾಗಿಯ ದೂರುಗಳನ್ನು ಬಾಯಲ್ಲೇ ಇಟ್ಟುಕೊಂಡು ನಿಂತರು. ಕಲ್ಲು ಕೂಡ ಗಲಿಬಿಲಿಗೊಂಡಂತೆ ನನಗೆ ಕಂಡಿತು.

ವಾರದೊಳಗೆ ಆನೆಗಳು ಇಳಿದವು. ಅವು ಪ್ರತಿ ವರ್ಷವೂ ಇಳಿಯುತ್ತವೆ, ಬೈದರೂ ಇಳಿಯುತ್ತವೆ, ಅದನ್ನು ನಾನು ಬಲ್ಲೆ. ಆದರೆ ಈ ಸಲ ಮೊದಲು ನುಗ್ಗಿದ್ದು ಅಧ್ಯಕ್ಷನ ಜೋಳಕ್ಕೆ. ಅವನು ಪೋಡಿಗೆ ಓಡಿ, ಬೈಯವ್ವಾ ಎಂದು ಅಜ್ಜಿಯ ಮುಂದೆ ಕುಳಿತನಂತೆ. ಎಬ್ಬೆಟ್ಟು ಒತ್ತಿಕೊಟ್ಟಿದ್ದೀನಿ, ಮಾತು ತಪ್ಪಕ್ಕಾಗಲ್ಲ ಸ್ವಾಮಿ ಎಂದು ಅವಳು ರಾಗಿ ಕೇರುತ್ತಲೇ ಇದ್ದಳಂತೆ.

ಐವರೂ ಮತ್ತೆ ನನ್ನ ಅಂಗಡಿಗೆ ಬಂದರು.

"ಇನ್ನೊಂದು ಅರ್ಜಿ. ಅಜ್ಜಿಗೆ. ಮೊದ್ಲಿನಂಗೇ ಬೈಬೇಕು, ನಮ್ ಮನಸು ನೋಯಕ್ಕಿಲ್ಲ ಅಂತ ಬರೀರಿ."

"ನೊಂದರೆ?"

"ನೊಂದ್ರೆ ನಾವೇ ಒಣೆ ಅಂತ ಸೇರ್ಸಿ."

"ಏನೆಂದು ಬೈಯಬೇಕು? ಚುಕ್ಕೆ ಹಾಕಲಾ?"

"ಚುಕ್ಕೆ ಗಿಕ್ಕೆ ಬ್ಯಾಡ! ಒಂದ್ ಮಾತೂ ಬುಡ್ಬಾರ್ದು. ಬರ್ಕಳಿ. ಮೂದೇವಿ. ಸೋಂಬೇರಿ. ಕೂಳ್ಗೇಡಿ..." ಅಧ್ಯಕ್ಷ ಬೆರಳು ಮಡಿಸುತ್ತಾ ಗಡಗಡ ಹೇಳಿದ. ಅಜ್ಜಿಗೂ ಗೊತ್ತಿಲ್ಲದ ಎರಡನ್ನು ತನ್ನ ಕಡೆಯಿಂದ ಸೇರಿಸಿದ. ಪಕ್ಕದವನು ಇನ್ನೊಂದು ನೆನಪು ಮಾಡಿಕೊಟ್ಟ. ಬದುಕಿನಲ್ಲಿ ಇಷ್ಟು ಖುಷಿಯಿಂದ ನಾನು ಯಾವ ಅರ್ಜಿಯನ್ನೂ ಟೈಪ್ ಮಾಡಿಲ್ಲ.

ಆ ಅರ್ಜಿಯನ್ನೂ ಹಳೆಯ ಕ್ಷಮಾಪಣೆ ಪತ್ರವನ್ನೂ ಹಿಡಿದು ಎಲ್ಲರೂ ಪೋಡಿಗೆ ಹೋದೆವು. ಅಜ್ಜಿ ಹೊಸದನ್ನು ನನ್ನಿಂದ ಓದಿಸಿ ಕೇಳಿದಳು. ಹಳೆಯದನ್ನು ಹರಿದು ಒಲೆಗೆ ಹಾಕಿದಳು. ಕಲ್ಲಿನ ಮುಂದೆ ಬಂದು, ಸೆರಗು ಸೊಂಟಕ್ಕೆ ಸಿಕ್ಕಿಸಿ ಶುರು ಮಾಡಿದಳು ನೋಡಿ, ಒಂದು ವರ್ಷದ್ದು ಬಾಕಿ ಇತ್ತಲ್ಲ, ಮರದ ಮೇಲಿನ ಹಕ್ಕಿಗಳು ಎದ್ದು ಹೋದವು. ದೇವರದ್ದು ಮುಗಿದ ಮೇಲೆ ಅಧ್ಯಕ್ಷನ ಕಡೆಗೆ ತಿರುಗಿದಳು.

"ಮನಸು ನೋಯ್ತದಂತೆ ಇವ್ನಿಗೆ! ನಿನ್ ಆಲೂಗೆಡ್ಡೆ ಅಂದಿ ತಿಂದಾಗ ಎಲ್ಲೋಗಿತ್ಲಾ ನಿನ್ ಮನಸು, ಕೋಡಂಗಿ?"

ಅವನು ತಲೆ ತಗ್ಗಿಸಿ ನಗುತ್ತಾ ನಿಂತಿದ್ದ. ಎಡೆಯ ರಾಗಿಹಿಟ್ಟಿಗೆ ಕೈಯನ್ನೂ ಒಡ್ಡಿದ.

ಮುಂದಿನ ಸರದಿ ನನ್ನದೆಂದು ನಾನು ಮುಂದೆ ಹೋಗಿ ನಿಂತೆ. ನಿಜ ಹೇಳುತ್ತೇನೆ, ಆಸೆಯಿಂದ ನಿಂತೆ. ತಲೆಯನ್ನು ಬೇಕೆಂದೇ ಬಾಚಿರಲಿಲ್ಲ. ಅವನು ಬರೀ ಹೆದರಿಸಿದವನು, ನಾನು ಎಲ್ಲ ತಿಳಿದೂ ಓದಿ ಹೇಳಿದವಳು. ನನಗೆ ಅವನಿಗಿಂತ ಎರಡು ಬೈಗುಳ ಹೆಚ್ಚೇ ಬರಬೇಕಿತ್ತು.

ಅಜ್ಜಿ ಒಂದು ಎಲೆಯಲ್ಲಿ ಹಿಟ್ಟು, ಜೇನು ಹಾಕಿ ಎರಡೂ ಕೈಯಿಂದ ಕೊಟ್ಟಳು.

"ತಕಳಿ ತಾಯಿ. ದೂರದಿಂದ ಬಂದಿದ್ದೀರಿ."

ಸಂತೆಗೆ ಈಗಲೂ ಬರುತ್ತಾಳೆ. ಚೀಲವನ್ನು ಎದುರಿನ ಟೀ ಅಂಗಡಿಯಲ್ಲಿ ಎಸೆಯುತ್ತಾಳೆ. ಟೀ ಅಂಗಡಿಯವನಿಗೆ ಲೋಟ ತೊಳೆಯಲು ಬರುವುದಿಲ್ಲವಂತೆ, ಅವನ ಮುಸುಡಿಗಿಷ್ಟು ಬೆಂಕಿ ಹಾಕಬೇಕಂತೆ. ಟೈಪ್ ಮಾಡುವುದನ್ನು ನಿಲ್ಲಿಸಿ ನಾನು ಅದನ್ನೆಲ್ಲ ಕೇಳಿಸಿಕೊಳ್ಳುತ್ತೇನೆ. ಹೊಟ್ಟೆ ಉರಿಯುತ್ತದೆ. ಮೂಲೆಯಲ್ಲಿ ಚೀಲದ ಜಾಗವನ್ನು ಹಾಗೇ ಖಾಲಿ ಇಟ್ಟಿದ್ದೇನೆ.